ಉದ್ದ ಮೂತಿಯ ಕ್ಯಾಮೆರಾ

ಸಮುದ್ರದೊಳಗೆ ಒಂದು ಬಾಗಿಲು ನಿಂತಿತ್ತು. ನೀಲಿ ಬಾಗಿಲು, ಅದರ ಕೆಳಗೆ ಎರಡು ಮೆಟ್ಟಿಲು, ಮೆಟ್ಟಿಲಿನ ಮೇಲೆ ಬಂದು ಬಂದು ಹೋಗುವ ನೀರು. ಎದೆಲ್ಮೀರಾ ಉಸಿರು ಬಿಗಿಹಿಡಿದು ನೋಡಿದಳು. ಉಸಿರಾಡಿದರೆ ಸಾಕು, ಬಾಗಿಲು ನೆಗೆದು ಕ್ಯಾಮೆರಾದ ಚೌಕಟ್ಟಿನಿಂದಾಚೆ ಓಡಿಹೋಗುತ್ತದೆ ಎಂಬುದು ಅವಳಿಗೆ ಇಷ್ಟು ದಿನಗಳಲ್ಲಿ ಗೊತ್ತಾಗಿತ್ತು. ಆದರೂ ಓಡಿಹೋಯಿತು. ಈಗ ಬರೀ ಬೂದು ನೀರು, ಅದರ ಮೇಲೆ ಒಂದು ಕಡಲಹಕ್ಕಿ.

"ಥತ್, ಮತ್ತೆ ತಪ್ಪಿಸ್ಕೊಳ್ತು."

"ಯಾವುದು?" ಒಲೆಯ ಪಕ್ಕ ಊದಿದ ಮಂಡಿಯನ್ನು ಬೆಚ್ಚಗೆ ಮಾಡಿಕೊಳ್ಳುತ್ತಾ ಕೂತಿದ್ದ ಫ್ರೆಸಿಯಾ ಕೇಳಿದಳು.

"ಮನೆ."

"ಮನೆ ತಪ್ಪಿಸ್ಕೊಳ್ತಂತೆ! ಅದು ಹೊರಡೋದೇ ಇವತ್ತು, ತಪ್ಪಿಸ್ಕೊಳ್ದೆ ಇನ್ನೇನು ಮಾಡತ್ತೆ?"

ಎದೆಲ್ಮೀರಾ ನಗಲಿಲ್ಲ. ಕಿಟಕಿಯ ದಂಡೆಯ ಮೇಲೆ ಅವರೆಕಾಳಿನ ಚೀಲವಿಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿ, ಗುಂಡಿಯ ಸುತ್ತಲಿನ ಸಣ್ಣ ಕಡ್ಡಿಯನ್ನು ಹಿಂದಕ್ಕೆ ಎಳೆದಳು. ಸಣ್ಣಗೆ ಗುಂಯ್‌ಗುಡುತ್ತಾ ಮೂತಿ ಒಳಗೆ ಹೋಯಿತು. ಆಚೆಯ ದ್ವೀಪವೆಲ್ಲ ಒಮ್ಮೆಗೇ ಚೌಕಟ್ಟಿನೊಳಗೆ ಬಂದು ಕೂತಿತು. ದಡದಲ್ಲಿ ಒಂದು ಚುಕ್ಕಿ ಹುಡುಕಿ, ಅದನ್ನು ನಡುವಿಗೆ ತಂದು, ಮತ್ತೆ ಮೂತಿ ಉದ್ದ ಮಾಡಿದಳು. ಇದೇ ಉಪಾಯ. ಮೊದಲು ದೂರ ನಿಂತು ಹುಡುಕಬೇಕು, ಆಮೇಲೆ ಹತ್ತಿರ ಹೋಗಬೇಕು. ಒಮ್ಮೆಲೇ ಹತ್ತಿರ ಹೋದವರಿಗೆ ಏನೂ ಸಿಗುವುದಿಲ್ಲ.

ಎರಡು ದ್ವೀಪಗಳ ನಡುವಿನ ನೀರು ಅಗಲವೇನಲ್ಲ. ಗಾಳಿ ನಿಂತ ದಿನ ಆಚೆಯ ನಾಯಿ ಬೊಗಳಿದರೆ ಈಚೆಯ ನಾಯಿ ಉತ್ತರ ಕೊಡುತ್ತದೆ. ಆದರೆ ಮುಖ ಗುರುತಾಗುವಷ್ಟು ಹತ್ತಿರವೂ ಅಲ್ಲ. ಬರಿಗಣ್ಣಿಗೆ ಜನ ಇರುವೆಗಳು, ಎತ್ತುಗಳು ಸ್ವಲ್ಪ ದಪ್ಪ ಇರುವೆಗಳು. ಇಂದು ಬೆಳಿಗ್ಗೆ ಮಂಜು ಬೇರೆ. ದಡ ಕಾಣುವುದು, ಮರೆಯಾಗುವುದು, ಮತ್ತೆ ಕಾಣುವುದು.

ಫ್ರೆಸಿಯಾ ಎದೆಲ್ಮೀರಾಳ ಮಗಳನ್ನು ಜ್ಞಾನಸ್ನಾನದ ದಿನ ಎತ್ತಿಕೊಂಡ ಧರ್ಮಮಾತೆ. ದೋಣಿಕಟ್ಟೆಯ ಹತ್ತಿರ ಅವಳದೊಂದು ಅಂಗಡಿ. ಗಮ್‌ಬೂಟು, ಉಣ್ಣೆಯ ಉಂಡೆ, ಮೇಣದಬತ್ತಿ, ಬ್ಯಾಟರಿ ಸೆಲ್ಲು, ಒಣಗಿಸಿದ ಚಿಪ್ಪುಮೀನಿನ ಸರ, ಎಲ್ಲ ಒಂದೇ ಹಲಗೆಯ ಮೇಲೆ. ಅವಳ ಅಣ್ಣನ ಮಗ ದೊಡ್ಡ ಕ್ಯಾಮೆರಾ ಕೊಂಡಮೇಲೆ ತನ್ನ ಹಳೆಯದನ್ನು ಮಾರಿಕೊಡು ಎಂದು ಅಲ್ಲಿ ಇಟ್ಟುಹೋಗಿದ್ದ. ಹೊಸದರ ಅರ್ಧ ಬೆಲೆಗೂ ಕಡಿಮೆ. "ಮನೆಗೆ ತಗೊಂಡ್ಹೋಗಿ ನೋಡು. ಹಿಡಿಸಿದ್ರೆ ಇಟ್ಕೋ, ಇಲ್ದಿದ್ರೆ ವಾಪಸ್ ತಂದ್ಹಾಕು" ಎಂದು ಫ್ರೆಸಿಯಾ ಅದನ್ನು ಎದೆಲ್ಮೀರಾಳ ಕೊರಳಿಗೆ ಹಾಕಿ ಕಳಿಸಿದ್ದಳು. ತೆಂಕಣದ ಪಟ್ಟಣಕ್ಕೆ ಮದುವೆಯಾಗಿ ಹೋದ ಮಗಳಿಗೆ ದಿನಕ್ಕೊಂದು ಫೋಟೊ ಕಳಿಸುವುದು ಎದೆಲ್ಮೀರಾಳ ರೂಢಿ. ಫೋನಿನಲ್ಲಿ ತೆಗೆದರೆ ಬೇಲಿಯ ಮೇಲಿನ ಹಕ್ಕಿ ಕೂಡ ಒಂದು ಕಪ್ಪು ಚುಕ್ಕಿ, "ಅಮ್ಮಾ, ಇದು ಹಕ್ಕೀನೋ ಕೊಳೇನೋ?" ಎಂದು ಮಗಳು ಕೇಳುತ್ತಿದ್ದಳು.

"ಸರಿ, ತೀರ್ಪು ಹೇಳು ಈಗ" ಎಂದಳು ಫ್ರೆಸಿಯಾ. "ನಾನು ಈ ಕುಂಟುಗಾಲಲ್ಲಿ ಗುಡ್ಡ ಹತ್ತಿ ಬಂದಿದ್ದು ಅದಕ್ಕೇ."

ಎದೆಲ್ಮೀರಾ ಕೋಳಿ ಕೊಳ್ಳುವವಳಂತೆ ಅದನ್ನು ಹಿಂದೆ ಮುಂದೆ ತಿರುಗಿಸಿ ಪರೀಕ್ಷೆ ಮಾಡಿದ್ದಳು. ಹಾಗಾಗಿ ಉತ್ತರ ತಯಾರಿತ್ತು. "ಭಾರ ಇದೆ. ಕೊರಳು ನೋಯತ್ತೆ. ಸಂಜೆ ಮನೆಯೊಳಗೆ ತೆಗೆದ್ರೆ ಚಿತ್ರದ ಮೇಲೆಲ್ಲ ಮರಳು ಎರಚಿದ ಹಾಗೆ. ಕುರಿ ಓಡ್ತಿದ್ರೆ ಇದು ಯೋಚನೆ ಮಾಡಿ ಮಾಡಿ ಕ್ಲಿಕ್ ಅನ್ನೋ ಹೊತ್ತಿಗೆ ಬರೀ ಬೇಲಿ ಇರತ್ತೆ. ಮಂಜಲ್ಲಿ ಯಾವುದನ್ನ ನೋಡ್ಬೇಕು ಅಂತಾನೇ ಇದಕ್ಕೆ ತಿಳಿಯಲ್ಲ, ಒಳಗೂ ಹೊರಗೂ ಮೂತಿ ಆಡಿಸ್ಕೊಂಡು ಕೂರತ್ತೆ."

"ಅಂದ್ರೆ ವಾಪಸ್."

"ನಾನು ಹಾಗಂದ್ನಾ? ಬಿಸಿಲಿದ್ರೆ ಚೆನ್ನಾಗಿ ಬರತ್ತೆ. ಹತ್ತಿರದ್ದೂ ಬರತ್ತೆ, ದೂರದ್ದೂ ಬರತ್ತೆ, ಏನೂ ಬಿಚ್ಚಿ ಬದಲಾಯಿಸೋ ತಾಪತ್ರಯ ಇಲ್ಲ. ಮೊನ್ನೆ ಕೆಳಗಿನ ಮನೆಯ ದೋನ್ ಅಮಾಬ್ಲೆ ಬೇಲಿ ಗೂಟಕ್ಕೆ ಬೆನ್ನು ಉಜ್ಕೋತಿದ್ದ. ಅವನ ಒಳಂಗಿಯ ತೂತು ಸಹ ಬಂದಿದೆ."

ಫ್ರೆಸಿಯಾ ಮಂಡಿ ನೋವು ಮರೆತು ನಕ್ಕಳು. "ಅಯ್ಯೋ ಮಾರಾಯ್ತಿ, ಊರಿನವರ ಒಳಂಗಿ ನೋಡೋಕೆ ಇಷ್ಟು ಖರ್ಚು ಮಾಡ್ಬೇಕಾ? ನನ್ನ ಕೇಳಿದ್ರೆ ಬಿಟ್ಟಿ ಹೇಳ್ತಿದ್ದೆ."

ನಿಜ ಹೇಳಬೇಕೆಂದರೆ ಎದೆಲ್ಮೀರಾ ಹಕ್ಕಿಯನ್ನೂ ದೋನ್ ಅಮಾಬ್ಲೆಯನ್ನೂ ನೋಡಿದ್ದು ಮೊದಲ ದಿನ ಮಾತ್ರ. ಆಮೇಲಿನ ಪರೀಕ್ಷೆಯೆಲ್ಲ ಒಂದೇ ದಿಕ್ಕಿಗೆ. ಆಚೆ ದಡದ ಆ ಮನೆ ಅವಳು ಹುಟ್ಟಿ ಬೆಳೆದದ್ದು. ತಾಯಿ ತೀರಿಕೊಂಡಾಗ ತಮ್ಮ ಬೆಲಿಸಾರಿಯೊ ಇನ್ನೂ ಹಾಲುಹಲ್ಲಿನ ಹುಡುಗ. ಅವನಿಗೆ ಉಣಿಸಿ, ಬೈದು, ತಲೆಯ ಹೇನು ತೆಗೆದು ದೊಡ್ಡವನನ್ನು ಮಾಡಿದ್ದು ಅದೇ ಅಡುಗೆಮನೆಯಲ್ಲಿ. ಈಗ ಕಡಲು ಮನೆಯ ಹಿಂದಿನ ದಿಬ್ಬವನ್ನು ತಿನ್ನುತ್ತಾ ಗೋಡೆಯವರೆಗೂ ಬಂದಿದೆ. ಹಾಗಾಗಿ ಬೆಲಿಸಾರಿಯೊ ಮನೆಯನ್ನೇ ಕೊಲ್ಲಿಯ ಇನ್ನೊಂದು ತುದಿಗೆ ಸಾಗಿಸುವುದೆಂದು ನಿಶ್ಚಯಿಸಿದ್ದ. ಇಲ್ಲಿ ಅದೇನು ಹೊಸತಲ್ಲ. ಮರದ ಮನೆ, ಅದರ ಅಡಿಯಲ್ಲಿ ದಿಮ್ಮಿ ಇಟ್ಟು, ಎತ್ತು ಕಟ್ಟಿ ದಡಕ್ಕೆ ಎಳೆದು, ಸುತ್ತಲೂ ಖಾಲಿ ಡ್ರಮ್ಮು ಬಿಗಿದರೆ ಉಬ್ಬರ ಬಂದಾಗ ಅದು ತಾನೇ ತೇಲುತ್ತದೆ. ಮೋಟಾರ್ ದೋಣಿಗಳು ಹಗ್ಗ ಹಾಕಿ ಎಳೆದುಕೊಂಡು ಹೋಗುತ್ತವೆ. ಊರೆಲ್ಲ ಸೇರಿ ಮಾಡುವ ಈ ಕೆಲಸಕ್ಕೆ ಮಿಂಗಾ ಎನ್ನುತ್ತಾರೆ. ಕೂಲಿಯಿಲ್ಲ, ಕೊನೆಯಲ್ಲಿ ಹೊಟ್ಟೆತುಂಬ ಊಟ.

ಆದರೆ ಮಿಂಗಾಕ್ಕೆ ಜನ ತಾವಾಗಿ ಬರುವುದಿಲ್ಲ. ಮನೆಯ ಯಜಮಾನ ಒಂದೊಂದು ಬಾಗಿಲಿಗೂ ಹೋಗಿ, ಟೋಪಿ ತೆಗೆದು ಕೈಯಲ್ಲಿ ಹಿಡಿದು, ಬೇಡಿಕೊಳ್ಳಬೇಕು. ಬೇಡಿದವರಿಗೆ ಇಲ್ಲ ಎನ್ನುವಂತಿಲ್ಲ. ಬೆಲಿಸಾರಿಯೊ ಬೇಡುತ್ತಾ ಈ ದ್ವೀಪಕ್ಕೂ ಬಂದಿದ್ದ. ಫ್ರೆಸಿಯಾಳ ಅಂಗಡಿಯಲ್ಲಿ ಬೇಡಿದ. ದೋನ್ ಅಮಾಬ್ಲೆಯ ಬಾಗಿಲಲ್ಲಿ ಬೇಡಿದ. ಗುಡ್ಡದ ಇಳಿಜಾರಿನ ಮನೆಗಳನ್ನೆಲ್ಲ ಮುಗಿಸಿ, ತುದಿಯಲ್ಲಿರುವ ಹಳದಿ ಮನೆಗೆ, ಅಕ್ಕನ ಮನೆಗೆ, ಹತ್ತದೆಯೇ ದೋಣಿ ಹತ್ತಿ ಹೋಗಿದ್ದ. ಅಂದು ಅವನಿಗಾಗಿ ಎದೆಲ್ಮೀರಾ ಆಲೂಗಡ್ಡೆ ತುರಿದು ರೊಟ್ಟಿ ಸುಟ್ಟಿಟ್ಟಿದ್ದಳು. ಅದನ್ನು ಮರುದಿನ ಕೋಳಿಗಳಿಗೆ ಹಾಕಿದಳು. ಆ ಅವಮಾನವನ್ನು ಅವಳು ಇನ್ನೂ ಮರೆತಿರಲಿಲ್ಲ.

"ಎಲ್ಲರೂ ಹೋಗಿದಾರೆ, ಗೊತ್ತಾ?" ಎಂದಳು ಫ್ರೆಸಿಯಾ. "ಈ ಮಂಡಿ ಇಲ್ದಿದ್ರೆ ನಾನೂ ಹೋಗ್ತಿದ್ದೆ. ಅಮಾಬ್ಲೆ ಮಾತ್ರ ಇನ್ನೂ ಎಂಜಿನ್ ರಿಪೇರಿ ಮಾಡ್ತಾ ಕೂತಿದಾನೆ. ಹೋಗೋ ಹಾಗಿದ್ರೆ ಅವನ ದೋಣಿ ಇದೆ."

"ಕರೀದೇ ಇದ್ದ ಮನೆಗೆ ಊಟಕ್ಕೆ ಹೋಗೋಳಲ್ಲ ನಾನು."

"ಅಕ್ಕನ್ನ ಯಾರಾದ್ರೂ ಬೇಡ್ತಾರೇನೇ?"

"ಅಮಾಬ್ಲೆಯ ಬಾಗಿಲು ಸಿಕ್ತು ಅವನಿಗೆ, ನನ್ನದು ಸಿಗ್ಲಿಲ್ವಾ? ಆ ವಿಷಯ ಬಿಡು."

ಬಿಟ್ಟವಳಂತೆ ಅವಳು ತೆಗೆದ ಚಿತ್ರಗಳನ್ನು ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಮೊದಲಿನಿಂದ ಒಂದೊಂದಾಗಿ ತಿರುವಿದಳು. ಎಷ್ಟು ಸ್ಪಷ್ಟ ಬರುತ್ತದೆ ಎಂದು ನೋಡಬೇಕಿತ್ತು. ಗುಂಡಿ ಒತ್ತಿ ದೊಡ್ಡದು ಮಾಡಿದರೆ ಎಲ್ಲ ಒದ್ದೆ ಕಾಗದದ ಹಾಗೆ ಸ್ವಲ್ಪ ಹರಡುತ್ತಿತ್ತು, ಆದರೂ ತಿಳಿಯುತ್ತಿತ್ತು. ಬೆಳಕು ಹರಿದಾಗಿನ ಚಿತ್ರದಲ್ಲಿ ಮನೆ ಒಣ ಕಲ್ಲುಗಳ ಮೇಲಿತ್ತು. ಆಮೇಲಿನದರಲ್ಲಿ ನೀರು ದಿಮ್ಮಿಗೆ ತಾಗಿತ್ತು. ಆಮೇಲೆ ಮೆಟ್ಟಿಲಿಗೆ. ಜನ ಹಗ್ಗ ಬಿಗಿಯುತ್ತಿದ್ದರು, ಡ್ರಮ್ಮು ಹೊರುತ್ತಿದ್ದರು, ಎಲ್ಲರ ಮುಖವೂ ಮನೆಯ ಕಡೆಗೆ. ಒಬ್ಬನ ಮುಖ ಮಾತ್ರ ಬೇರೆ ಕಡೆ.

ಮುಂದಿನ ಚಿತ್ರದಲ್ಲೂ ಅವನದು ಹಾಗೆಯೇ. ಅದರ ಮುಂದಿನದರಲ್ಲೂ. ಕರಿ ಟೋಪಿ, ಹಣೆಗೆ ಅಡ್ಡ ಹಿಡಿದ ಕೈ. ಅವನು ಎಲ್ಲ ಚಿತ್ರಗಳಲ್ಲೂ ಅವಳನ್ನೇ ನೋಡುತ್ತಿದ್ದ.

"ಫ್ರೆಸಿಯಾ, ಬಾ ಇಲ್ಲಿ. ಇವನು ಏನು ನೋಡ್ತಿದಾನೆ?"

ಫ್ರೆಸಿಯಾ ಕನ್ನಡಕ ಹುಡುಕಿ, ಕುಂಟುತ್ತಾ ಬಂದು ಬಗ್ಗಿದಳು. "ಬೆಲಿಸಾರಿಯೊ."

"ಅದು ಗೊತ್ತು. ಏನು ನೋಡ್ತಿದಾನೆ ಅಂದೆ. ಮೋಡವಾ?"

"ಮೋಡ ನೋಡೋನು ಕತ್ತೆತ್ತಿ ನೋಡ್ತಾನೆ. ಅಲ್ಲಿಂದ ಈ ಕಡೆಗೆ ಕಾಣೋದು ಒಂದೇ, ನಿನ್ನ ಹಳದಿ ಗೋಡೆ." ಫ್ರೆಸಿಯಾ ಕಿಟಕಿಯಾಚೆ ದೋಣಿಕಟ್ಟೆಯ ಕಂಬಗಳನ್ನು ನೋಡಿದಳು; ನೀರು ಅವುಗಳ ಕಪ್ಪು ಗುರುತಿನವರೆಗೂ ಏರಿ ಸುಮ್ಮನೆ ನಿಂತಿತ್ತು. ಅವಳ ದನಿ ಬದಲಾಯಿತು. "ಉಬ್ಬರ ತುಂಬಿ ಆಯ್ತಲ್ಲೇ. ಯಾಕಿನ್ನೂ ಎಳೀತಿಲ್ಲ? ನೀರು ಇಳಿಯೋಕೆ ಶುರುವಾದ್ರೆ ಮನೆ ಬಂಡೆ ಮೇಲೆ ಕೂತು ನಡು ಮುರ್ಕೊಳ್ಳತ್ತೆ."

ಎದೆಲ್ಮೀರಾ ಕ್ಯಾಮೆರಾವನ್ನು ಮತ್ತೆ ಚೀಲದ ಮೇಲಿಟ್ಟಳು. ಮೂತಿ ಉದ್ದವಾಯಿತು, ಎಲ್ಲ ಮಸುಕಾಯಿತು, ಮೂತಿ ಒಳಗೂ ಹೊರಗೂ ಆಡಿ ಕೊನೆಗೆ ನಿಂತಿತು. ದೋಣಿಗಳು ಹಗ್ಗ ಕಟ್ಟಿಕೊಂಡು ಕಾಯುತ್ತಿದ್ದವು. ಯಾರೋ ಒಬ್ಬ ನೀರಿನ ಕಡೆ ಕೈತೋರಿಸಿ ಬೆಲಿಸಾರಿಯೊನ ಭುಜ ಅಲುಗಿಸುತ್ತಿದ್ದ. ಬೆಲಿಸಾರಿಯೊ ಬೇಡ ಎಂಬಂತೆ ಕೈಯಾಡಿಸಿ, ಮೊಣಕಾಲುದ್ದ ನೀರಿನಲ್ಲಿ ನಿಂತು, ಮತ್ತೆ ಈ ಕಡೆಗೇ ತಿರುಗಿದ.

ಎದೆಲ್ಮೀರಾ ಫೋನು ಎತ್ತಿಕೊಂಡಳು. ಈ ಪೆದ್ದ ತನಗಾಗಿ ಕಾದು ಮನೆಯನ್ನೇ ಕಳೆದುಕೊಳ್ಳುತ್ತಾನೆ. ಫೋನಿನಲ್ಲಿ ಅವನ ಹೆಸರು ಎಷ್ಟೋ ಕೆಳಗೆ ಇಳಿದುಹೋಗಿತ್ತು. ಹುಡುಕಿ ಒತ್ತಿ, ಸ್ಪೀಕರ್ ಹಾಕಿ ದಂಡೆಯ ಮೇಲಿಟ್ಟು, ಕಣ್ಣನ್ನು ಕ್ಯಾಮೆರಾಕ್ಕೆ ಕೊಟ್ಟಳು. ಆಚೆ ದಡದಲ್ಲಿ ಅವನು ಜೇಬು ತಡಕಾಡಿದ್ದು ಕಂಡಿತು. ಫೋನು ಕಿವಿಗೆ ಹೋಯಿತು. ತುಟಿ ಆಡಿತು, ಒಂದು ಕ್ಷಣ ತಡವಾಗಿ ದನಿ ಬಂತು.

"ಅಕ್ಕಾ?"

"ಎಳಿಯೋ. ಯಾಕೆ ಕಂಬದ ಹಾಗೆ ನಿಂತಿದೀಯ?"

"ನೀನು ಇನ್ನೂ ಬಂದಿಲ್ವಲ್ಲ."

"ನನ್ನ ಯಾರು ಕರೆದ್ರು? ಇಡೀ ದ್ವೀಪಾನ ಬೇಡ್ಕೊಂಡೆ. ನನ್ನ ಮನೆ ಮೆಟ್ಲು ಹತ್ತೋಕೆ ನಿನಗೆ ಕಾಲು ನೋವಾ?"

ಅವನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ. ಗಾಳಿ, ಎತ್ತಿನ ಗಂಟೆ, ಯಾರದೋ ಕೂಗು ಕೇಳುತ್ತಿತ್ತು.

"ನಿನ್ನ ಯಾಕೆ ಬೇಡ್ಬೇಕಕ್ಕ?" ಎಂದ. ಅವನ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. "ಹೊರಗಿನವರನ್ನಲ್ವಾ ಬೇಡೋದು? ಮನೆ ನಿಂದೂ ಅಲ್ವಾ? ನಿನ್ನ ಬಾಗಿಲಿಗೆ ಬಂದು ಟೋಪಿ ತೆಗೆದಿದ್ರೆ, ನನ್ನ ಹೊರಗಿನವಳನ್ನಾಗಿ ಮಾಡ್ದೆ ಅಂತ ನೀನು ಒಲೆ ಸೌದೆ ತಗೊಂಡು ಹೊಡೀತಿದ್ದೆ."

ಹೊಡೆಯುತ್ತಿದ್ದಳೋ ಏನೋ. ಅವಳು ಅದನ್ನು ಆ ಕಡೆಯಿಂದ ಒಮ್ಮೆಯೂ ಯೋಚಿಸಿರಲಿಲ್ಲ.

"ನೀರು ಇಳಿಯತ್ತೆ ಕಣೋ" ಎಂದಳು ಮೆಲ್ಲಗೆ. "ಮೇಲಿನ ಮೆಟ್ಟಿಲು ಆಗ್ಲೇ ಮುಳುಗಿದೆ."

"ನಿನಗೆ ಹೇಗೆ ಗೊತ್ತು?"

"ಕಾಣ್ತಿದೆ. ನೀನೂ ಕಾಣ್ತಿದೀಯ. ಮೀಸೆ ಪೂರ್ತಿ ಬೆಳ್ಳಗೆ ಮಾಡ್ಕೊಂಡಿದೀಯಲ್ಲ, ಮುದುಕ."

ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಆಮೇಲೆ ನೇರ ಹಳದಿ ಗೋಡೆಯ ಕಡೆ. "ಇಷ್ಟು ದೂರದಿಂದ? ನಿಜವಾಗ್ಲೂ?"

"ನಿಜವಾಗ್ಲೂ."

"ಹಾಗಾದ್ರೆ ನೋಡು" ಎಂದು ಅವನು ಕೈಯಲ್ಲಿದ್ದ ಹಗ್ಗವನ್ನು ಪಕ್ಕದವನಿಗೆ ಕೊಟ್ಟ. ಟೋಪಿ ತೆಗೆದು ಎದೆಗೆ ಹಿಡಿದ. ನೀರಿನಲ್ಲಿ ನಿಂತೇ ತಲೆ ತಗ್ಗಿಸಿದ. ಸುತ್ತಲಿನವರೆಲ್ಲ ಇವನಿಗೇನಾಯಿತು ಎಂಬಂತೆ ಬಾಯಿಬಿಟ್ಟು ನೋಡಿದರು. "ಎದೆಲ್ಮೀರಾ ಕಾರ್ಕಾಮೊ ಅವರೇ, ನನ್ನ ಮನೆ ಸಾಗಿಸ್ಬೇಕು. ನಿಮ್ಮ ಕೈ ಬೇಕು. ಬೇಡ್ಕೋತಾ ಇದೀನಿ."

ಚೌಕಟ್ಟು ನಡುಗಿತು. ಅವರೆಕಾಳಿನ ಚೀಲವಿದ್ದರೂ ನಡುಗಿತು. ಟೋಪಿ ತೆಗೆದ ಆ ಬೋಳು ತಲೆ ಮೇಲೆ ಹೋಯಿತು, ಕೆಳಗೆ ಬಂತು, ನೀರಾಯಿತು, ಮಂಜಾಯಿತು. ಅವಳು ಗುಂಡಿ ಒತ್ತಲಿಲ್ಲ, ನೆನಪೂ ಆಗಲಿಲ್ಲ.

"ನೀನು ಎಳೆಯೋಕೆ ಶುರು ಮಾಡು" ಎಂದಳು ಮೂಗು ಒರೆಸಿಕೊಳ್ಳುತ್ತಾ. "ನಾನು ನೀರಲ್ಲೇ ಸಿಗ್ತೀನಿ."

ಬೂಟು ಯಾರದೋ, ಕೋಟು ಯಾರದೋ, ಕೈಗೆ ಸಿಕ್ಕಿದ್ದನ್ನು ತೊಟ್ಟು ಅವಳು ಇಳಿಜಾರಿನಲ್ಲಿ ಓಡಿದಳು. "ಅಮಾಬ್ಲೆ! ಎಂಜಿನ್ ಸ್ಟಾರ್ಟ್ ಆಗ್ದಿದ್ರೆ ಹುಟ್ಟು ಹಾಕು!" ಎಂಬ ಕೂಗು ಗುಡ್ಡಕ್ಕೆಲ್ಲ ಕೇಳಿತು. ಫ್ರೆಸಿಯಾ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು, ಕ್ಯಾಮೆರಾದ ಪಟ್ಟಿಯನ್ನು ತನ್ನ ಕೊರಳಿಗೆ ಹಾಕಿಕೊಂಡಳು. ಮಾರುವವಳಾದರೂ ಅವಳು ಅದನ್ನು ಕಣ್ಣಿಗಿಟ್ಟದ್ದು ಅದೇ ಮೊದಲು. ಒಮ್ಮೆಲೇ ಹತ್ತಿರ ಹೋದಳು, ಏನೂ ಸಿಗಲಿಲ್ಲ. ಬೈದುಕೊಂಡು ಹಿಂದಕ್ಕೆ ಬಂದಳು. ಮಂಜು ಸರಿದಿತ್ತು. ಮನೆ ದಡ ಬಿಟ್ಟಿತ್ತು. ಒಂದು ಪಕ್ಕಕ್ಕೆ ಕೊಂಚ ವಾಲಿ, ಕಿಟಕಿಗಳಲ್ಲಿ ಆಕಾಶವನ್ನು ತುಂಬಿಕೊಂಡು, ಅವಸರವಿಲ್ಲದೆ ಬರುತ್ತಿತ್ತು. ಈಚೆಯಿಂದ ಒಂದು ಪುಟ್ಟ ದೋಣಿ ಅದರತ್ತ ಹೋಗುತ್ತಿತ್ತು, ದೋಣಿಯಲ್ಲಿ ಒಬ್ಬಳು ಎದ್ದು ನಿಂತಿದ್ದಳು.

ನಡುನೀರಿನಲ್ಲಿ ಮನೆಯ ಕಡೆಯಿಂದ ಯಾರೋ ಎಸೆದ ಹಗ್ಗವೊಂದು ಪುಟ್ಟ ದೋಣಿಯತ್ತ ಹಾರಿತು. ಫ್ರೆಸಿಯಾ ಉಸಿರು ಹಿಡಿಯುವುದನ್ನು ಮರೆತು ಗುಂಡಿ ಒತ್ತಿದಳು. ಪರದೆಯಲ್ಲಿ ಬಂದ ಚಿತ್ರ ಅಲುಗಿ ಹೋಗಿತ್ತು. ಹಗ್ಗದ ಎರಡು ತುದಿಗೂ ಒಂದೊಂದು ಮಸುಕು ಆಕಾರ, ಎರಡೂ ಮುಂದಕ್ಕೆ ಬಾಗಿ ಕೈಚಾಚಿದ್ದವು. ಯಾವುದು ಅಕ್ಕ, ಯಾವುದು ತಮ್ಮ ಎಂದು ಅವಳಿಗೆ ತಿಳಿಯಲಿಲ್ಲ.