ಬಿಚ್ಚಿ ಹೊಲಿದದ್ದು

ವಾಯಿ ಊರಿನ ನಿಕಮ್ ವಾಡೆಯಲ್ಲಿ ಯಾರ ಹೊಲಿಗೆ ನೆಟ್ಟಗಿದೆ, ಯಾರದು ಸೊಟ್ಟಗಿದೆ ಎಂದು ತೀರ್ಪು ಕೊಡುವ ಅಧಿಕಾರವನ್ನು ಹೌಸಾಬಾಯಿಗೆ ಯಾರೂ ಕೊಟ್ಟಿರಲಿಲ್ಲ. ಹಾಗಾಗಿ ಅದನ್ನು ಕಿತ್ತುಕೊಳ್ಳಲೂ ಯಾರಿಂದಲೂ ಆಗಿರಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ, ಪಾತ್ರೆ ಬೋರಲು ಹಾಕಿ, ಹೆಂಗಸರು ವಾಡೆಯ ಮನೆಗಳ ನಡುವಿನ ಚೌಕದಲ್ಲಿ ಹಳೆ ಬಟ್ಟೆಯ ಕೌದಿ ಹೊಲಿಯಲು ಹಾಸಿದರೆ ಆಕೆ ಹಲ್ಲಿಗೆ ಉಜ್ಜುವ ಹೊಗೆಸೊಪ್ಪಿನ ಮಿಶ್ರಿಯ ಡಬ್ಬಿಯನ್ನು ಮಗ್ಗುಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಒಂದು ಕೈಯಲ್ಲಿ ಸೂಜಿ, ಬಾಯಲ್ಲಿ ಇನ್ನೊಂದು. ಎರಡನೆಯದು ಹೆಚ್ಚು ಚೂಪು.

ಆ ಎರಡನೆಯ ಸೂಜಿ ಹೆಚ್ಚಾಗಿ ಚುಚ್ಚುತ್ತಿದ್ದುದು ಛಬುವಿಗೆ. ಛಬು ಚೌಕದ ಮೂಲೆಯ ಒಂದೇ ಕೋಣೆಯಲ್ಲಿದ್ದ ವಿಧವೆ. ವಾಡೆಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಹೌಸಾಬಾಯಿಯ ಲೆಕ್ಕದಲ್ಲಿ ಆಕೆ ಇನ್ನೂ ನಿನ್ನೆ ಬಂದವಳು.

"ಛಬೇ, ಇದು ಹೊಲಿಗಿ ಏನವಾ? ಕೋಳಿ ತಿಪ್ಪಿ ಕೆದರಿದಂಗ ಐತಿ!"

"ಏನ ಮಾಡ್ಲಿ ಹೌಸಾಕ್ಕಾ, ನನ್ನ ಕೈ ನಿನ್ನ ಕೈ ಆಗತೈತೇನು?"

ಈ ಉತ್ತರ ಕೇಳಿದರೆ ಹೌಸಾಬಾಯಿಗೆ ಉಂಡಷ್ಟೇ ತೃಪ್ತಿ. ಆದರೆ ಬೈಯುವುದು ಬೇರೆ, ಕೆಲಸ ಬೇರೆ. ನಾಲ್ಕು ಗಂಟೆಗೆ ಬೀದಿಯ ನಲ್ಲಿಗೆ ನೀರು ಬಂದು ಛಬು ಕೊಡ ಎತ್ತಿಕೊಂಡು ಹೋದಳೆಂದರೆ, ಹೌಸಾಬಾಯಿ ಆಕೆಯ ಬದಿಗೆ ಸರಿದು, ಆಕೆ ಹೊಲಿದ ಸಾಲುಗಳನ್ನೆಲ್ಲ ಸರಸರನೆ ಬಿಚ್ಚಿ, ತಾನೇ ಮತ್ತೆ ಹೊಲಿಯುತ್ತಿದ್ದಳು. ಪಕ್ಕದ ಮನೆಯ ಗಜರಾಬಾಯಿ ಬಾಗಿಲ ಬಳಿ ನಿಂತು ಕಾವಲು ಕಾಯುತ್ತಿದ್ದಳು. ಕೋಳಿಗೆ ಹೋಲಿಸಿ ಹತ್ತು ಜನರ ಮುಂದೆ ಬೈಯಬಹುದು, ಆದರೆ ಹೊಲಿಗೆ ಬಿಚ್ಚಿದ್ದು ಗೊತ್ತಾದರೆ ಪಾಪ ನೊಂದುಕೊಳ್ಳುತ್ತಾಳೆ. ಹೌಸಾಬಾಯಿಯ ಕರುಣೆಗೆ ಇಂಥ ನಿಯಮಗಳಿದ್ದವು.

ಇದೆಲ್ಲ ಸುಖವಾಗಿಯೇ ನಡೆದಿತ್ತು. ಅಷ್ಟರಲ್ಲಿ ಮೊಮ್ಮಗಳು ಪ್ರಾಜಕ್ತಾ ಚೊಚ್ಚಲ ಹೆರಿಗೆಗೆಂದು ಕೊಲ್ಹಾಪುರದಿಂದ ತವರಿಗೆ ಬಂದಳು.

ಕೊಲ್ಹಾಪುರ ಎಂದರೆ ಹೌಸಾಬಾಯಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರು. ಪ್ರಾಜಕ್ತಾಳ ಮದುವೆಯಲ್ಲಿ ಇವರು ಉಡುಗೊರೆ ಕೊಟ್ಟ ಕೌದಿಯ ಮೇಲ್ಭಾಗವನ್ನು ಗಂಡಿನ ಅಜ್ಜಿ ಅಂಬೂತಾಯಿ ನೋಡಲೇ ಇಲ್ಲ. ಸರಕ್ಕನೆ ಮಗುಚಿ ಹಿಂಬದಿ ನೋಡಿ, "ವಾಯಿಯವರು ಕೌದಿ ಹೊಲಿಯೂದಿಲ್ಲ ಬಿಡ್ರಿ, ಮೂಟಿ ಕಟ್ಟತಾರ" ಎಂದಿದ್ದಳು. ಛತ್ರದಲ್ಲಿ ಎಲ್ಲರೂ ನಕ್ಕಿದ್ದರು. ಕೌದಿ ಹೊಲಿಯುವವಳ ಮಾನ ಇರುವುದು ಹಿಂಬದಿಯಲ್ಲಿ. ಅದನ್ನು ನೋಡಬಲ್ಲ ಮುದುಕಿಯೇ ಬೀಗಿತಿಯಾಗಿ ಗಂಟು ಬಿದ್ದದ್ದು ಹೌಸಾಬಾಯಿಯ ಹಣೆಬರಹ. ಆ ಮೂಟೆಯ ದೋಷವನ್ನು ಆಕೆ ಅಂದೇ ಛಬುವಿನ ತಲೆಗೆ ಕಟ್ಟಿದ್ದಳು.

ಈಗ ಹೆಸರಿಡುವ ದಿನ ಅದೇ ಅಂಬೂತಾಯಿ ಬರುವವಳು. ತೊಟ್ಟಿಲಲ್ಲಿ ಹಾಸಿದ ಕೌದಿಯನ್ನು ಮಗುಚುವವಳು. ಅವಳ ಬಾಯಿಂದ ಒಂದು "ಶಾಬ್ಬಾಸ್" ಬೀಳದಿದ್ದರೆ ತಾನು ಸತ್ತರೂ ನೆಮ್ಮದಿಯಿಲ್ಲ ಎಂದು ಹೌಸಾಬಾಯಿ ತೀರ್ಮಾನಿಸಿದಳು.

"ಕೂಸಿನ ಕೌದಿ ನಂದೊಬ್ಬಾಕೀದು," ಎಂದು ಚೌಕದಲ್ಲಿ ಸಾರಿದಳು. "ಇದಕ್ಕ ಬ್ಯಾರೆ ಯಾರೂ ಕೈ ಹಚ್ಚಬ್ಯಾಡ್ರಿ. ಛಬೇ, ನೀ ಅಂತೂ ಇದರ ಮಗ್ಗಲಕ್ಕೂ ಬರಬ್ಯಾಡ."

"ಇಲ್ಲಕ್ಕಾ, ನೆರಳೂ ಬೀಳಸೂದಿಲ್ಲ," ಎಂದಳು ಛಬು.

ಸೊಸೆ ಉಜ್ವಲಾ ಮಾತ್ರ ಮೆಲ್ಲಗೆ, "ಅತ್ತಿ, ಡಾಕ್ಟರು ಮೋತಿಬಿಂದು ಅಂದಾರ, ಕಣ್ಣಾಗ ಪೊರಿ. ಮೊದಲ ಕಣ್ಣಿಂದು ಮಾಡಸೂಣು, ಆಮ್ಯಾಲ..." ಎಂದಳು.

"ಆ ಡಾಕ್ಟರಗ ಧಂದೆ ಬೇಕಲಾ! ನನಗ ಕಾಣೂದಿಲ್ಲ ಅಂತ ಅಂವಗ ಹೆಂಗ ಕಾಣತದ?" ಎಂದು ಹೌಸಾಬಾಯಿ ಸೂಜಿಗೆ ದಾರ ಪೋಣಿಸಲು ಅದನ್ನು ಸೊಸೆಯ ಕೈಗೇ ಕೊಟ್ಟಳು.

ಕೌದಿಗೆ ಬಟ್ಟೆ ಆರಿಸುವುದರಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ಇದನ್ನು ಮಾತ್ರ ಸುಳ್ಳು ಹೇಳದೆ ಒಪ್ಪಬೇಕು. ಮೇಲಿನ ಪದರಕ್ಕೆ ಪ್ರಾಜಕ್ತಾಳ ಬಾಲವಾಡಿಯ ಹಳದಿ ಫ್ರಾಕು, ತನ್ನ ಅತ್ತೆಯ ಕೆಂಪು ಒಂಬತ್ತು ಗಜದ ಸೀರೆ, ಅಂಚಿಗೆ ಸುತ್ತಲೂ ಹಸಿರು ತ್ರಿಕೋನ ತುಂಡುಗಳು. ಕೆಳಗಿನ ಪದರಕ್ಕೆ ತನ್ನದೇ ಹಳೆಯ ಸೀರೆ. ಒಳಗಿನ ಪದರಕ್ಕೆ ತೀರಿಹೋದ ಗಂಡನ ಧೋತರ. ಬದುಕಿದ್ದಾಗ ಹೆಂಡತಿಯ ಮುಂದೆ ಬಾಯಿ ತೆರೆಯದ ಮನುಷ್ಯ ಈಗಲೂ ಎರಡು ಸೀರೆಗಳ ನಡುವೆ ಸುಮ್ಮನೆ ಮಲಗಿದ.

ಅಂಚಿನಿಂದ ಹಿಡಿದು ಸುತ್ತುಸುತ್ತಾಗಿ ಒಳಕ್ಕೆ ಹೊಲಿಯುತ್ತ ಬರುವುದು ಅಲ್ಲಿಯ ಪದ್ಧತಿ. ದಿನದ ಹೊಲಿಗೆ ಮುಗಿದ ಮೇಲೆ ಕೌದಿ ಉಳಿಯುತ್ತಿದ್ದುದು ಛಬುವಿನ ಕೋಣೆಯ ಟ್ರಂಕಿನ ಮೇಲೆ. ಹೌಸಾಬಾಯಿಯ ಮನೆಯಲ್ಲಿ ಇಲಿಗಳ ಕಾಟ. ಛಬುವಿಗೆ ಹಾಕಿದ ನಿಷೇಧ ಹೊಲಿಯುವುದಕ್ಕೆ ಮಾತ್ರ, ಕಾಯುವುದಕ್ಕಲ್ಲ. ಮರುದಿನ ಬಂದು ಮಡಿಕೆ ಬಿಡಿಸಿ, ಮೂಗಿಗೆ ಹತ್ತಿರ ಹಿಡಿದು, ತನ್ನ ಹೊಲಿಗೆಗೆ ತಾನೇ ಮಾರುಹೋಗುತ್ತಿದ್ದಳು.

"ನೋಡ್ರೆ, ಕಣ್ಣ ಹೋಗ್ಯಾವಂತ! ಸಾಸಿವಿ ಕಾಳು ಸಾಲ್ಹಚ್ಚಿ ಇಟ್ಟಂಗ ಐತಿ. ಗಜರಾ, ನೀ ಹೇಳ."

ಗಜರಾಬಾಯಿಗೆ ಅದೇ ಹೊತ್ತಿಗೆ ಕೆಮ್ಮು ಬರುತ್ತಿತ್ತು. ಛಬು ಇನ್ನೊಂದು ಕೌದಿಯ ಮೇಲೆ ಕೋಳಿಯಂತೆ ಕೆದರುತ್ತ, "ಖರೇ ಅಕ್ಕಾ, ಕೈ ಅಂದ್ರ ನಿಂದು," ಎನ್ನುತ್ತಿದ್ದಳು.

ಗಂಡು ಕೂಸು ಹುಟ್ಟಿತು. ಕೌದಿಯೂ ನಡುವಿನ ಚೌಕುಳಿಗೆ ಬಂತು. ಅದನ್ನು ಕೌದಿಯ ಹೊಟ್ಟೆ ಎನ್ನುತ್ತಾರೆ. ಹೊಟ್ಟೆ ಮುಚ್ಚುವ ಮೊದಲು ಒಂದು ಚೂರು ಜೋಳದ ಭಾಕರಿ, ಒಂದು ಚಿಟಿಕೆ ಸಕ್ಕರೆ ಒಳಗಿಡಬೇಕು. ಹಸಿದ ಕೌದಿ ಹೊದ್ದವರ ಮನೆಯಲ್ಲಿ ಅನ್ನ ನಿಲ್ಲುವುದಿಲ್ಲವಂತೆ. ಹೌಸಾಬಾಯಿ ಶಾಸ್ತ್ರವಾಗಿ ಇಟ್ಟು, ಮುಚ್ಚಿ, ಸುತ್ತಲೂ ಹೊಲಿದು, ಗಂಟು ಹಾಕಿ, ಕೌದಿಯನ್ನು ಛಬುವಿನ ಟ್ರಂಕಿನ ಮೇಲಿಟ್ಟು ಮನೆಗೆ ಹೋದಳು. ಹೊಸ್ತಿಲಲ್ಲಿ ಸೊಂಟ ತಡವಿದರೆ ಮಿಶ್ರಿಯ ಡಬ್ಬಿಯಿಲ್ಲ. ಮಿಶ್ರಿಯಿಲ್ಲದೆ ಆಕೆಗೆ ಸಂಜೆಯಾಗುವುದಿಲ್ಲ. ತಿರುಗಿ ಬಂದಳು.

ಛಬು ಬಾಗಿಲ ಬೆಳಕಿಗೆ ಬೆನ್ನು ಮಾಡಿ ಕುಳಿತಿದ್ದಳು. ತೊಡೆಯ ಮೇಲೆ ಕೂಸಿನ ಕೌದಿ. ಪಕ್ಕದಲ್ಲಿ ಕಿತ್ತ ದಾರದ ಗುಡ್ಡೆ.

"ಏನ ಮಾಡಾಕತ್ತೀಯೇ ಅದಕ್ಕ!" ಹೌಸಾಬಾಯಿಯ ಕೂಗಿಗೆ ಮಾಡಿನ ಪಾರಿವಾಳಗಳು ಹಾರಿದವು.

ಛಬು ಬೆಚ್ಚಲಿಲ್ಲ. "ಬಿಚ್ಚಾಕತ್ತೀನಿ," ಎಂದಳು.

"ನಾ ಹೊಲಿದಿದ್ದನ್ನ?"

"ಹೂಂ. ನಾ ನೀರಿಗಿ ಹೋದ್ರ ನೀ ನಂದ ಬಿಚ್ಚೂದಿಲ್ಲೇನು? ಹಂಗ."

ಹೌಸಾಬಾಯಿ ಹೊಸ್ತಿಲ ಮೇಲೆಯೇ ಕುಳಿತಳು.

"ಯಾವಾಗಿಂದ?"

"ನಿನ್ನ ಕಣ್ಣು ಮಂಜಾದದ್ದು ತಿಳದಾಗಿಂದ. ಪ್ರಾಜಕ್ತಾನ ಮದವ್ಯಾಗ ಆ ಕೊಲ್ಹಾಪುರದಾಕಿ ನಕ್ಕಳಲ್ಲಾ, ಅವತ್ತ ಆಕಿ ಹಿಡದಿದ್ದ ಅಂಚು ನಿಂದs ಇತ್ತಕ್ಕಾ. ನಿನಗ ತಿಳೀಲಿಲ್ಲ. ಮತ್ತ ಯಾರರ ನಗಬಾರದು ಅಂತ ಅವತ್ತಿಂದ ಬಿಚ್ಚಾಕ ಹಿಡದೆ."

"ನಿನಗ ಹೊಲಿಯಾಕ ಎಲ್ಲಿ ಬರತೈತಿ!"

"ನೀನs ಕಲಿಸೀದಿ. ಬಿಚ್ಚಿ ಬಿಚ್ಚಿ. ಮರುದಿನಾ ನಾ ನೋಡ್ತಿದ್ದೆ, ನಿನ್ನ ಸೂಜಿ ಎಲ್ಲಿ ಇಳದೈತಿ, ಎಲ್ಲಿ ಎದ್ದೈತಿ ಅಂತ. ಬಾಯಿಲೆ ಕಲಿಸಿದ್ದಿ ಅಂದ್ರ ಬೈಗಳಾ ಅಷ್ಟs ಕಲೀತಿದ್ದೆ."

"ಮತ್ತ ಮಧ್ಯಾಹ್ನ ನನ್ನ ಮುಂದ ಸೊಟ್ಟ ಹೊಲೀತೀಯಲ್ಲಾ, ಅದು?"

ಛಬು ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. "ನಾ ಚಲೋ ಹೊಲಿದ್ರ ನಾಕು ಗಂಟೇಕ್ಕ ನೀ ಏನ ಮಾಡ್ತಿದ್ದಿ?"

ಹೌಸಾಬಾಯಿ ಎದ್ದು, ಕೌದಿಯನ್ನು ಆಕೆಯ ತೊಡೆಯಿಂದ ಕಿತ್ತುಕೊಂಡು ಮನೆಗೆ ನಡೆದಳು. ರೋಷ ಎಷ್ಟಿತ್ತೆಂದರೆ ಮಿಶ್ರಿಯ ಡಬ್ಬಿಯನ್ನು ಎರಡನೆಯ ಸಲವೂ ಅಲ್ಲೇ ಮರೆತಳು.

ಮನೆಯಲ್ಲಿ ಯಾರೂ ಇಲ್ಲದಾಗ ಕೌದಿ ಬಿಡಿಸಿದಳು. ಕಣ್ಣಿಗೆ ಎಲ್ಲ ಒಂದೇ ಮಸುಕು. ಕಣ್ಣು ಮುಚ್ಚಿ ಬೆರಳಾಡಿಸಿದಳು. ಅಂಚಿನಿಂದ ಒಳಕ್ಕೆ ಸಾಸಿವೆ ಕಾಳಿನ ಸಾಲು ಸದ್ದಿಲ್ಲದೆ ಬಂತು, ಬಂತು, ಹೊಟ್ಟೆಯ ಹತ್ತಿರ ಛಬು ಇನ್ನೂ ಬಿಚ್ಚದೆ ಉಳಿದಿದ್ದ ಕಡೆ ಬೆರಳು ಎಡವಿತು. ಒಂದು ಹೊಲಿಗೆ ಗೇಣುದ್ದ, ಒಂದು ಇದ್ದೂ ಇಲ್ಲ, ಒಂದು ಹಾದಿ ತಪ್ಪಿ ಪಕ್ಕದ ಸಾಲಿನ ಮೇಲೆ ಹತ್ತಿತ್ತು. ಕೋಳಿಗೂ ಇದಕ್ಕಿಂತ ವಾಸಿ ಕೆದರಲು ಬರುತ್ತದೆ. ಮೂಟೆ ಕಟ್ಟುವ ಕೈ ತನ್ನದೇ ಎಂದು ಆಗ ಖಚಿತವಾಗಿ, ಆಕೆಗೆ ಅಳು ಬಂತು. ಯಾರೂ ಇರಲಿಲ್ಲವಾದ್ದರಿಂದ ಅತ್ತಳು.

ಕೌದಿಯನ್ನು ಛಬುವಿಗೆ ಮರಳಿ ಕೊಟ್ಟಿದ್ದರೆ ಅರ್ಧ ಗಂಟೆಯಲ್ಲಿ ಸರಿಯಾಗುತ್ತಿತ್ತು. ಹೌಸಾಬಾಯಿ ಕೊಡಲಿಲ್ಲ. ಮಿಶ್ರಿಯ ಡಬ್ಬಿಯನ್ನೂ ಕೇಳಲಿಲ್ಲ. ಹೆಸರಿಡುವ ದಿನದವರೆಗೆ ಹಲ್ಲು ಕಡಿದುಕೊಂಡೇ ಇದ್ದಳು. ಮನೆಯವರು ಅದನ್ನು ಬಾಣಂತಿ ಮನೆಯ ದಣಿವು ಎಂದುಕೊಂಡರು.

ಆ ದಿನ ಬಂತು. ತೊಟ್ಟಿಲಿಗೆ ಚೆಂಡುಹೂವು ಕಟ್ಟಿದರು, ಕೂಸಿಗೆ ಸೋಯಂ ಎಂದು ಹೆಸರಿಟ್ಟರು, ಸೋದರತ್ತೆ ಕೂಸಿನ ಕಿವಿಯಲ್ಲಿ ಉಸುರಿದಳು, ಗುಗ್ಗರಿ ಹಂಚಿದರು. ಇದನ್ನೆಲ್ಲ ನೋಡಬೇಕಾದ ಅಂಬೂತಾಯಿ ಮಾತ್ರ ಕೂಸನ್ನು ಅದರ ಅವ್ವನ ಕೈಗಿತ್ತು, ತೊಟ್ಟಿಲಿನಿಂದ ಕೌದಿ ಎಳೆದು, ನಿರೀಕ್ಷೆಯಂತೆ ಮಗುಚಿದಳು.

ವಾಡೆಯ ಹೆಂಗಸರು ಕತ್ತು ಉದ್ದ ಮಾಡಿದರು.

"ಅಬಬಬಾ," ಎಂದಳು ಅಂಬೂತಾಯಿ. "ಇದು ನೋಡ್ರಿ ಹೊಲಿಗಿ! ಶಾಬ್ಬಾಸ್ ಬೀಗಿತೀ! ಹಿಂದ ಮುಂದ ಯಾವುದು ಅಂತ ತಿಳೀವಲ್ದು." ಹೀಗೆ ಹೇಳುತ್ತಲೇ ಆಕೆಯ ಬೆರಳು ಹೊಟ್ಟೆಯ ಹತ್ತಿರ ಬಂದು ನಿಂತಿತು. "ಅಯ್ಯ, ಇದೇನಿದು? ನಟ್ಟನಡುವ ಇದ್ಯಾರ ಕೈ ಬಿತ್ರಿ? ಬಂಗಾರದಂಥಾ ಕೌದಿ ಕೆಡಿಸಿಬಿಟ್ಟಾರಲ್ಲಾ!"

ವಾಡೆಯ ಹೆಂಗಸರ ತಲೆಗಳೆಲ್ಲ ಅಭ್ಯಾಸಬಲದಿಂದ ಒಂದೇ ಕಡೆ ತಿರುಗಿದವು. ಛಬು ಗುಗ್ಗರಿಯ ತಾಟು ಹಿಡಿದು ನಿಂತಿದ್ದಳು.

"ನಂದs ರೀ ಅದು," ಎಂದಳು. "ಅಕ್ಕಾ ಬ್ಯಾಡ ಅಂದಿದ್ಲು. ನಾನs ಆಶೇಕ್ಕ ಕೈ ಹಾಕಿದೆ."

ಹೌಸಾಬಾಯಿ ಈಗ ಮಾಡಬೇಕಾದದ್ದು ಇಷ್ಟೇ, ಬಾಯಿ ಮುಚ್ಚಿಕೊಂಡಿರುವುದು. ಶಾಬ್ಬಾಸ್ ಬಿದ್ದಾಗಿತ್ತು. ಕಳಂಕಕ್ಕೆ ವಾರಸುದಾರಳೂ ಸಿಕ್ಕಿದ್ದಳು. ಆಕೆ ಸುಮ್ಮನಿರಲು ಪ್ರಾಮಾಣಿಕವಾಗಿ ಪ್ರಯತ್ನಪಟ್ಟಳು, ಒಂದು ಹಿಡಿ ಗುಗ್ಗರಿಯನ್ನೂ ಬಾಯಿಗೆ ತುಂಬಿಕೊಂಡಳು. ಅಗಿದಳು. ಅದು ಕೆಳಗಿಳಿಯಲಿಲ್ಲ.

"ಸುಳ್ಳು," ಎಂದಳು. "ಆ ಸೊಟ್ಟಂದು ನಂದು. ಉಳದಿದ್ದೆಲ್ಲಾ ಛಬೂದು."

ಎಲ್ಲರೂ ಆಕೆಯನ್ನೇ ನೋಡಿದರು. ಅಂಬೂತಾಯಿಯ ಕಣ್ಣು ತುಂಬಿ ಬಂತು.

"ಮನಸು ಅಂದ್ರ ಇದು ನೋಡ್ರೆ! ಮಂದಿ ತಪ್ಪು ತನ್ನ ತಲಿ ಮ್ಯಾಲ ಹೊತ್ಕೊಳ್ಳೂದು, ತನ್ನ ಗುಣಾ ಮಂದಿಗೆ ಕೊಡೂದು! ನಮ್ಮ ಕೊಲ್ಹಾಪುರದಾಗ ಇಂಥಾಕೀನ್ನ ನಾ ಕಂಡಿಲ್ಲ." ಛಬುವಿನ ಕಡೆ ತಿರುಗಿ, "ಏ ಬಾಯಿ, ಇಂಥಾಕಿ ಮಗ್ಗಲದಾಗ ಇಷ್ಟು ವರ್ಷ ಕುಂತೀಯಂತ, ಒಂದು ಟಾಕಾ ಹೊಲಿಗಿ ಕಲೀಬಾರದೇನ?" ಎಂದಳು.

ಹೆಂಗಸರು ಲೊಚಗುಟ್ಟಿದರು. ಯಾರೋ ಮೂಗು ಒರೆಸಿಕೊಂಡರು. ನಿಜ ಗೊತ್ತಿದ್ದ ಗಜರಾಬಾಯಿಗೆ ಮತ್ತೆ ಕೆಮ್ಮು ಬಂತು. ಜೀವನದಲ್ಲಿ ಮೊದಲ ಸಲ ತನ್ನ ವಿರುದ್ಧವೇ ಸತ್ಯ ಹೇಳಿದ ಹೌಸಾಬಾಯಿಗೆ ಸಿಕ್ಕಿದ್ದು ದೇವತೆಯ ಪಟ್ಟ, ಛಬುವಿಗೆ ಸಿಕ್ಕಿದ್ದು ಮತ್ತದೇ ಬೈಗುಳ. ಹೌಸಾಬಾಯಿಗೆ ಮೈ ಉರಿದುಹೋಯಿತು. ತನ್ನನ್ನು ಹೊಗಳಿದ್ದಕ್ಕೆ ಆಕೆ ಇಷ್ಟು ಸಿಟ್ಟಾದದ್ದನ್ನು ಯಾರೂ ನೋಡಿರಲಿಲ್ಲ.

"ಉಜ್ವಲಾ, ಸೂಜಿ ದಾರ ತಾ!"

"ಈಗೇನ್ ಅತ್ತಿ, ಮಂದಿ..."

"ತಾ ಅಂದ್ರ ತಾ! ದಾರಾ ನೀನs ಪೋಣಿಸು. ನನಗ ಕಾಣೂದಿಲ್ಲ."

ಬೀಗರ ಮುಂದೆ, ತೊಟ್ಟಿಲ ಬುಡದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಹೌಸಾಬಾಯಿ ಕೌದಿಯ ಹೊಟ್ಟೆಯ ಮೇಲೆ ಒಂದು ಸಾಲು ಹೊಲಿದಳು. ಸೂಜಿ ಒಂದು ಕಡೆ ಇಳಿಯಿತು, ಇನ್ನೆಲ್ಲೋ ಎದ್ದಿತು. ಎರಡು ಸಲ ಬೆರಳಿಗೆ ಚುಚ್ಚಿಕೊಂಡಳು. ಸಾಲು ಮುಗಿಸಿ, ಕೌದಿ ಮಗುಚಿ, ಅಂಬೂತಾಯಿಯ ಮುಖಕ್ಕೆ ಹಿಡಿದಳು.

"ಈಗ ನೋಡ್ರಿ. ನಿಮ್ಮ ಬೆರಳ ಎಡವಿದ ಹೊಲಿಗಿ ಈ ಕೈದು ಹೌದೊ ಅಲ್ಲೊ?"

ಅಂಬೂತಾಯಿ ಹಳೆಯ ಸೊಟ್ಟ ಸಾಲಿನಿಂದ ಹೊಸದಕ್ಕೆ ಬೆರಳು ಸರಿಸಿ ನೋಡಿದಳು.

ಹೌಸಾಬಾಯಿ ಸೂಜಿಯನ್ನು ಛಬುವಿನತ್ತ ಚಾಚಿದಳು. "ನೀ ಕುಂಡ್ರು. ಮಧ್ಯಾಹ್ನದ ಹೊಲಿಗಿ ಬ್ಯಾಡ, ಸಂಜೀದು ಹೊಲಿ."

ಛಬು ತಾಟು ಕೆಳಗಿಟ್ಟಳು, ಕೈ ಒರೆಸಿಕೊಂಡಳು, ಕುಳಿತಳು. ಆ ಸೊಟ್ಟ ಸಾಲಿನ ಪಕ್ಕದಲ್ಲೇ ಸೂಜಿ ಇಳಿದು ಏಳತೊಡಗಿತು. ಅಂಬೂತಾಯಿ ಬಗ್ಗಿ ನೋಡಿದಳು. ಅದನ್ನು ಮಗುಚುವ ಗೋಜಿಗೆ ಹೋಗಲಿಲ್ಲ, ಗುಗ್ಗರಿ ತೆಗೆದುಕೊಂಡು ಬಾಯಿಗೆ ಕೆಲಸ ಕೊಟ್ಟಳು.

ತನ್ನ ಸಾಲು ಮುಗಿದ ಮೇಲೆ ಛಬುವಿನ ಕೈ ಸುಮ್ಮನಿರಲಿಲ್ಲ. ರೂಢಿಯಂತೆ ಸೂಜಿಯ ಮೊನೆ ಪಕ್ಕದ ಸೊಟ್ಟ ಹೊಲಿಗೆಯ ಕೆಳಗೆ ತೂರಿ ಅದನ್ನು ಎಬ್ಬಿಸಿತು. ಹೌಸಾಬಾಯಿ ಆ ಕೈಗೆ ಫಟ್ಟನೆ ಹೊಡೆದಳು.

"ಬಿಚ್ಚಿದಿ ಅಂದ್ರ ನೋಡ ಮತ್ತ! ಅದು ಇರಲಿ. ಮುತ್ತಜ್ಜೀದು ಅಂತ ಆ ಕೂಸಿಗೆ ಒಂದರ ಬೇಕಲಾ."

ಛಬು ಸೂಜಿ ತೆಗೆದಳು. ಎದ್ದ ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದಳು. ಆಮೇಲೆ ಸೊಂಟದಿಂದ ಮಿಶ್ರಿಯ ಡಬ್ಬಿ ತೆಗೆದು ಕೌದಿಯ ಮೇಲಿಟ್ಟಳು.