ಒಂಬತ್ತು ಮಂದಿಗೆ ಒಬ್ಬನೇ ಗುರು

ಆದೋನಿಯ ಹೊರಗೆ ಪಾಳುಬಿದ್ದ ಕಲ್ಲಿನ ಕ್ವಾರಿಯಲ್ಲಿ ನಲವತ್ತು ಅಡಿ ನೀರು. ಪ್ರವಾಹದಲ್ಲಿ ಜನರನ್ನು ಕಾಪಾಡುವ ಮುಳುಗುಗಾರರ ಕೆಲಸ ಕೊಡಿಸುತ್ತೇವೆಂದು ಒಂದು ಗುತ್ತಿಗೆ ಕಂಪನಿ ಒಂಬತ್ತು ಮಂದಿಯನ್ನು ಅಲ್ಲಿಗೆ ತಂದಿತ್ತು. ಕಲಿಸುವವನು ಚಂದ್ರಮೋಹನ್ ಒಬ್ಬನೇ.

"ಉಚ್ಚೀರಪ್ಪಗ ಏನ್ ಕಲಸಾದೈತಿ? ಹೊಳಗುಂದದ ಬಾವ್ಯಾಗ ಬಿದ್ದ ಕೊಡ ಎಲ್ಲಾ ಇವನೇ ತಗದಾನ!" ಎಂದು ಚಂದ್ರಮೋಹನ್ ಬೆನ್ನು ತಟ್ಟಿದ.

"ಎರಡು ನಿಮಿಷ ಉಸಿರು ಕಟ್ತೀನ್ರಿ ಸಾರು."

"ಅದನ್ನೇ ಇಲ್ಲಿ ಮಾಡಬಾರದಣ್ಣಾ," ಜೊತೆಗೆ ಇಳಿಯಬೇಕಿದ್ದ ಸುಹಾಸಿನಿ ಎಂದಳು. "ಮುಂಜಾನೆ ವಿಡಿಯೋ ನೋಡಲಿಲ್ಲೇನು? ಬೆನ್ನಿನ ಸಿಲಿಂಡರಿನ ಗಾಳಿ ಮ್ಯಾಲೆ ಬಂದಂಗ ಉಬ್ಬತೈತಿ. ಉಸಿರು ಹಿಡದ್ರ ಪುಪ್ಪಸ ಹರೀತೈತಿ."

"ಓ ಟೀಚರಮ್ಮಾ, ನನಗ ನೀರು ತೋರಸ್ತೀಯೇನು?"

ಎಲ್ಲರೂ ನಕ್ಕರು. ತಿದ್ದಬೇಕಾದ ಚಂದ್ರಮೋಹನನೂ ನಕ್ಕ. "ಏಮೀ ಕಾದು, ಏನೂ ಆಗಂಗಿಲ್ಲ, ಇಳೀರಿ. ನಾ ಹಿಂದ ಬಂದೆ." ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು.

ಮೂವತ್ತು ಅಡಿ ಕೆಳಗೆ ಸುಹಾಸಿನಿ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

ಉಚ್ಚೀರಪ್ಪನ ಮಾಸ್ಕಿನೊಳಗೆ ನೀರು ನುಗ್ಗಿತು. ಗಾಬರಿಯಾದ. ಕೆನ್ನೆ ಉಬ್ಬಿದವು. ಬಾವಿಯ ತಳದಿಂದ ಏಳುವವನಂತೆ ಬಾಯಿ ಬಿಗಿದು ಕಾಲು ಝಾಡಿಸಿ ಮೇಲಕ್ಕೆ ಹಾರಿದ. ಗುಳ್ಳೆ? ಒಂದೂ ಇಲ್ಲ.

ಅವಳು ಅವನ ಬೆಲ್ಟ್ ಹಿಡಿದು ಜಗ್ಗಿದಳು. ಅವನ ಒದೆ ಮುಖಕ್ಕೆ ಬಿತ್ತು. ಕೈ ಬಿಡಲಿಲ್ಲ. ಇಬ್ಬರೂ ಮೇಲೇರುತ್ತಲೇ ಇದ್ದರು. ಪಕ್ಕೆಲುಬಿನ ಕೆಳಗೆ ಗುದ್ದಿದಳು. ಮತ್ತೊಮ್ಮೆ ಗುದ್ದಿದಳು. ಭಗ್ಗನೆ ಗುಳ್ಳೆಗಳು ಹೊರಬಂದವು.

ದಡದಲ್ಲಿ ಉಚ್ಚೀರಪ್ಪ ಕೆಮ್ಮಿದ. ಉಗುಳಿನಲ್ಲಿ ರಕ್ತವಿತ್ತು. "ಎದಿ... ಬೆರಳು ಜೋಮು ಹಿಡದಾವು," ಎಂದ.

"ಆಕ್ಸಿಜನ್ ಎಲ್ಲೈತಿ ಸಾರು?"

"ಮುಂದಿನ ಬ್ಯಾಚಿಗೆ ಬರ್ತೈತಿ," ಎಂದ ಚಂದ್ರಮೋಹನ್. ಫೋನ್ ಇನ್ನೂ ಅವನ ಕಿವಿಯಲ್ಲೇ ಇತ್ತು.

ಸುಹಾಸಿನಿ ತನ್ನ ಫೋನ್ ತೆಗೆದು ಆಂಬುಲೆನ್ಸ್‌ಗೆ ಕರೆ ಮಾಡಿದಳು. ಆಗ ಚಂದ್ರಮೋಹನ್ ಓಡಿ ಬಂದ. "ಕಾಲು ಜಾರಿ ಬಿದ್ದ ಅನ್ನು. ಇಲ್ಲಂದ್ರ ಒಂಬತ್ತೂ ಮಂದಿ ಕೆಲಸ ಹೋತು!"

ಉಚ್ಚೀರಪ್ಪನೂ ತಲೆಯಾಡಿಸಿದ. "ಹಂಗs ಅನ್ನವ್ವಾ."

ಬಿದ್ದವನೆಂದರೆ ಡಾಕ್ಟರು ಹೊಟ್ಟೆಯ ನೀರು ಹುಡುಕುತ್ತಾರೆ. ಪುಪ್ಪಸ ಹರಿದು ರಕ್ತಕ್ಕೆ ನುಗ್ಗಿದ ಗಾಳಿಯನ್ನು ಯಾರು ಹುಡುಕುತ್ತಾರೆ? ಸುಹಾಸಿನಿ ಫೋನನ್ನು ಎದೆಗೊತ್ತಿಕೊಂಡು ಹಿಂದೆ ಸರಿದಳು. ಆಮೇಲೆ ಫೋನಿನಲ್ಲಿ ಆಂಬುಲೆನ್ಸಿನವರಿಗೆ, ಎಲ್ಲರಿಗೂ ಕೇಳುವಂತೆ, ತೆಲುಗಿನಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು: ಇವನು ಬಿದ್ದಿಲ್ಲ, ಇಳಿಸಿದ್ದಾರೆ. ಸಿಲಿಂಡರಿನ ಗಾಳಿ ಸೇದಿದ್ದಾನೆ, ಉಸಿರು ಹಿಡಿದು ಮೇಲೆ ಬಂದಿದ್ದಾನೆ. ಕಲಿಸುವವರು ನೀರಿನಲ್ಲಿ ಇರಲಿಲ್ಲ.

"ಅದನ್ನೂ ಬರೆದುಕೊಳ್ಳಿ," ಎಂದಳು.