ಚನ್ನಮಲ್ಲಮ್ಮ ಹಿಡಿದ ತುದಿ

"ನಡುಗೋ ಕೈಗೆ, ಕಾಣದ ಕಣ್ಣಿಗೆ, ಮೂರರಾಚೆ ಎಣಿಸದ ಬಾಯಿಗೆ, ಸುಮ್ಮನಿರಲಾರದ ಬೆರಳಿಗೆ, ನಾಲ್ಕಕ್ಕೂ ಒಂದೇ ಕೆಲ್ಸ ಅಂದ್ರೆ ಯಾವುದಪ್ಪ ಅದು?"

ಕೇಳಿದ್ದು ವಿಜಯಮ್ಮ. ಕೇಳಿದ್ದು ಯಾರನ್ನೂ ಅಲ್ಲ. ಕೊಳ್ಳೇಗಾಲದ ನೇಕಾರರ ಬೀದಿಯ ಕೊನೆಯ ಆ ಹಳೇ ಸಮುದಾಯದ ಹಾಲಿನಲ್ಲಿ ಆಗ ಇದ್ದದ್ದು ಐದು ಪ್ಲಾಸ್ಟಿಕ್ ಕುರ್ಚಿ, ಒಂದು ನೀರಿನ ಕೊಡ, ಗೋಡೆಯ ಮೇಲೆ ಹುಲಿ ಏರಿದ ಮಾದಪ್ಪನ ಪಟ. ಪಟದ ಕಡೆಗೆ ಕೈ ಮುಗಿದು ಆಕೆ ಮತ್ತೆ ಮಡಿಲಲ್ಲಿದ್ದ ಕಾಗದ ನೋಡಿದಳು.

ಅಂಗನವಾಡಿ ಟೀಚರಾಗಿದ್ದು ನಿವೃತ್ತಿಯಾದ ಮೇಲೆ ವಿಜಯಮ್ಮ ಎರಡು ವರ್ಷದಿಂದ ಇಲ್ಲಿ ಒಂದು ಕೂಟ ನಡೆಸುತ್ತಿದ್ದಳು. ಮನೆಯಲ್ಲಿ 'ಕೂತಿರಿ ಸುಮ್ಮನೆ' ಅನ್ನಿಸಿಕೊಂಡವರು ಬಂದು ಏನಾದರೊಂದು ಮಾಡಿಕೊಂಡು ಹೋಗುವ ಕೂಟ. ಕೂಟದ ಹಾಲು ಜಿಲ್ಲಾ ಕಲ್ಯಾಣ ಇಲಾಖೆಯ ಕಚೇರಿಯದ್ದು. ಈಗ ಕಚೇರಿ ಬರೆದಿತ್ತು: ಶುಕ್ರವಾರದೊಳಗೆ ಎಲ್ಲ ಸದಸ್ಯರೂ ಒಂದೇ ಬಗೆಯ ಸುಲಭ ಕರಕುಶಲ ವಸ್ತು ಮಾಡಬೇಕು. ತಲೆಗೊಂದು ಮಾದರಿಯನ್ನು ಲಕೋಟೆಗೆ ಹಾಕಿ, ಮೇಲೆ ಹೆಸರು ಬರೆದು ಒಪ್ಪಿಸಬೇಕು. ತಪ್ಪಿದಲ್ಲಿ ಹಾಲನ್ನು ಕಚೇರಿಯ ಮುರಿದ ಕುರ್ಚಿಗಳ ದಾಸ್ತಾನಿಗೆ ಬಳಸಲಾಗುವುದು.

"ಅವುಕ್ಕೂ ಒಂದು ನೆಲೆ ಬೇಕಲ್ಲ ಮೇಡಂ," ಎಂದಿದ್ದಳು ಫೋನಿನಲ್ಲಿ ಕಚೇರಿಯ ಭವ್ಯಶ್ರೀ. ಕೆಟ್ಟ ಹುಡುಗಿಯೇನಲ್ಲ. ಮುರಿದ ಕುರ್ಚಿಗಳ ಬಗ್ಗೆ ಅವಳಿಗೆ ನಿಜವಾಗಿಯೂ ಕನಿಕರವಿತ್ತು.

ಕಾಗದದ ಜೊತೆ ಒಂದು ನಮೂನೆಯೂ ಇತ್ತು. 'ಗುಂಪಿನ ಸಾಮರ್ಥ್ಯ: ಹೆಚ್ಚು, ಮಧ್ಯಮ, ಕಡಿಮೆ. ಒಂದಕ್ಕೆ ಮಾತ್ರ ಗುರುತು ಹಾಕಿ.' ಯಾವುದಕ್ಕೆ ಹಾಕಲಿ ಎಂದು ಕೇಳಿದ್ದಕ್ಕೆ ಭವ್ಯಶ್ರೀ, "ಸರಾಸರಿ ತೆಗೀರಿ," ಎಂದಳು. ವಿಜಯಮ್ಮ ಹೇಳಿದ ಮಾತು ಮೀರುವವಳಲ್ಲ. ಕೂತು ತೆಗೆದಳು. ನಾಲ್ವರ ಕಣ್ಣು ಕೂಡಿ ಭಾಗಿಸಿದರೆ ತಲೆಗೆ ಒಂದೂವರೆ ಕಣ್ಣು ಬಂತು. ಕೈ ಒಂದೂಮುಕ್ಕಾಲು. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕು ಜಾಲಾಡಿದರೂ ಅಂಥ ಮನುಷ್ಯ ಸಿಕ್ಕುವಂತಿರಲಿಲ್ಲ. ಅವಳು ಆ ಸಾಲನ್ನು ಖಾಲಿ ಬಿಟ್ಟಳು.

ಸೋಮವಾರ ಕಚೇರಿಯ ಪುಸ್ತಕದಂತೆ ಕಾಗದದ ಹೂವಿನಿಂದ ಶುರು ಮಾಡಿದರು. ಕುಂತೂರಿನ ಪುಟ್ಟಮಲ್ಲಪ್ಪನಿಗೆ ಲಕ್ವ ಹೊಡೆದು ಹೋದ ಮೇಲೆ ಬಲಗೈ ಹಗಲೆಲ್ಲ ನಡುಗುತ್ತದೆ. ಅವರು ಮುಟ್ಟಿದ ಕಾಗದ ಹೂವಾಗುವ ಮೊದಲೇ ಎಸಳೆಸಳಾಗಿ ನೆಲಕ್ಕೆ ಬಿತ್ತು.

"ಕಬ್ಬು ಕಡಿದ ಕೈ ಕಣವ್ವ ಇದು," ಎಂದರು ಪುಟ್ಟಮಲ್ಲಪ್ಪ. "ಕಾಗದ ಅಂದ್ರೆ ಇದಕ್ಕೆ ಲೆಕ್ಕಕ್ಕೇ ಇಲ್ಲ."

ಹನೂರಿನ ಇಂಚರಳಿಗೆ ಹತ್ತೊಂಬತ್ತು ವರ್ಷ. ನಗು ಧಾರಾಳ, ಎಣಿಕೆ ಮಾತ್ರ ಮೂರಕ್ಕೆ ಮುಗಿಯುತ್ತದೆ. ಅವಳ ಹೂವಿಗೆ ಮೂರೇ ಎಸಳು. ಐದು ಬೇಕು ಕಣೇ ಎಂದರೆ ಇನ್ನೊಂದು ಮೂರೆಸಳಿನ ಹೂವು ಮಾಡಿ ಕೊಡುತ್ತಾಳೆ. ಶಿವನಂಜಯ್ಯ ಐವತ್ತು ವರ್ಷ ರೇಷ್ಮೆ ಸೀರೆ ನೇಯ್ದು, ಈಗ ಕಣ್ಣು ಕಳೆದುಕೊಂಡಿದ್ದ ಮುದುಕ. ಕಾಗದವನ್ನು ಬೆರಳಲ್ಲಿ ಸವರಿ, "ಇದುಕ್ಕೆ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಮುಂದ್ಲ ಜನ್ಮಕ್ಕೆ ನೋಡವ," ಎಂದು ಕೆಳಗಿಟ್ಟರು.

ಯಳಂದೂರಿನ ಚನ್ನಮಲ್ಲಮ್ಮನದು ಬೇರೆಯೇ ತೊಂದರೆ. ಆಕೆಗೆ ಯಾವ ತೊಂದರೆಯೂ ಇರಲಿಲ್ಲ. ಮನೆಯಲ್ಲಿ ಸೊಸೆಯ ಕೈಯ ಸೌಟು, ಮೊಮ್ಮಗಳ ಕೈಯ ಪೆನ್ಸಿಲು, ಪಕ್ಕದ ಮನೆಯವರ ಪೊರಕೆ ಎಲ್ಲ ಕಿತ್ತುಕೊಂಡು ತಾನೇ ಮಾಡುತ್ತಿದ್ದುದರಿಂದ ಮನೆಯವರೇ ಕೈ ಮುಗಿದು ಬಸ್ಸು ಹತ್ತಿಸಿದ್ದರು. "ಕೊಡವ್ವ ಇಲ್ಲಿ, ನಾನೇ ಮಾಡ್ಬುಡ್ತೀನಿ," ಎನ್ನುತ್ತ ಹತ್ತು ನಿಮಿಷದಲ್ಲಿ ಹದಿನಾಲ್ಕು ಹೂವು ಮಾಡಿ ಎಲ್ಲರ ಮಡಿಲಿಗೂ ಹಾಕಿದಳು. ಹೂವು ಚೆನ್ನಾಗಿದ್ದವು. ಮಿಕ್ಕ ಮೂವರು ಅವನ್ನು ನೋಡುತ್ತ, ಮನೆಯಲ್ಲಿ ಕೂತಿದ್ದ ಹಾಗೆಯೇ ಸುಮ್ಮನೆ ಕೂತರು.

ಅದು ವಿಜಯಮ್ಮನ ಎದೆಗೆ ನಾಟಿತು. ಹೂವು ಹದಿನಾಲ್ಕಿದ್ದರೂ ಕೂಟ ಬರಿದಾಗಿತ್ತು. ಸಂಜೆ ಆ ಹೂವನ್ನೆಲ್ಲ ಬೀದಿಯ ಮಕ್ಕಳಿಗೆ ಕೊಟ್ಟುಬಿಟ್ಟಳು.

ಮಂಗಳವಾರ ಅವಳು ಪುಸ್ತಕ ಮುಚ್ಚಿಟ್ಟು ಕಿವಿ ತೆರೆದಳು. ಅವಳಿಗೆ ಮೊದಲಿಂದಲೂ ಬಾಯಿಗಿಂತ ಕಿವಿ ಹಿರಿದು. ಅಪ್ಪನ ಮಗ್ಗದ ಹಿಂದೆ ಕೂತು, ಅಜ್ಜಿ ಹೇಳುವ ಮಾದಪ್ಪನ ಪದಗಳಿಗೆ ಹೂಂಗುಟ್ಟುತ್ತ ಬೆಳೆದವಳು. ಹೂಂಗುಡುವವರಿಲ್ಲದಿದ್ದರೆ ಕತೆ ನಡೆಯುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಈಗ ಅವಳಿಗೆ ಮೊದಲು ಕೇಳಿದ್ದು ಪುಟ್ಟಮಲ್ಲಪ್ಪನ ಕೈಯ ಸ್ಟೀಲ್ ಲೋಟ. ಕುರ್ಚಿಯ ತೋಳಿಗೆ ತಾಗಿ ಅದು ಟಿಣಿ ಟಿಣಿ ಟಿಣಿ ಎನ್ನುತ್ತಿತ್ತು. ಆ ಸದ್ದಿಗೆ ಇಂಚರ ತಲೆಯಾಡಿಸುತ್ತ "ಒಂದು, ಎರಡು, ಮೂರು" ಎನ್ನುತ್ತಿದ್ದಳು. ಶಿವನಂಜಯ್ಯನ ಬೆರಳುಗಳು ಪಂಚೆಯ ಅಂಚಿನ ಒಂದು ನೂಲನ್ನು ಹಿಡಿದು, ತಾವೇ ತಾವಾಗಿ ಗಂಟು ಹಾಕುತ್ತಿದ್ದವು.

ವಿಜಯಮ್ಮ ಎದ್ದು ಬೀದಿಗೆ ಹೋದಳು. ಮಗ್ಗದ ಮನೆಗಳಲ್ಲಿ ಕಸಕ್ಕೆ ಬಿದ್ದ ರೇಷ್ಮೆಯ ತುಂಡೆಳೆಗಳನ್ನು ಸೆರಗಿನ ತುಂಬ ತಂದು ಸುರಿದಳು. ಇಂಚರ ಎಳೆ ಆರಿಸಿ ಕೊಡಬೇಕು: ಒಂದು, ಎರಡು, ಮೂರು, ಸಾಕು. ಪುಟ್ಟಮಲ್ಲಪ್ಪನ ಬಲಗೈಗೆ ಎಳೆ ಕಟ್ಟಿದ ಒಂದು ಕಡ್ಡಿ. ಕೈ ನಡುಗಿದಂತೆಲ್ಲ ಕಡ್ಡಿ ತಿರುಗಿತು, ಕಡ್ಡಿ ತಿರುಗಿದಂತೆಲ್ಲ ಮೂರೆಳೆ ಒಂದಾಗಿ ಹುರಿಗೊಂಡಿತು. ಎಳೆ ಮುಗಿದಲ್ಲಿ ಶಿವನಂಜಯ್ಯ ಹೊಸ ಎಳೆ ಸೇರಿಸಿ ಗಂಟು ಹಾಕಬೇಕು.

"ಗಂಟಿಗೆ ಕಣ್ ಯಾಕವ್ವ?" ಎಂದರು ಅವರು. "ಆದ್ರೆ ಒಂದ್ ಮಾತು. ಮಗ್ಗ ಬರಿದಾಗಬಾರ್ದು."

ವಿಜಯಮ್ಮನಿಗೆ ಅರ್ಥವಾಯಿತು. ಸೀರೆ ಮುಗಿದರೂ ಹಳೆಯ ಹಾಸಿನ ತುದಿಯನ್ನು ಮಗ್ಗದಲ್ಲೇ ಬಿಟ್ಟು, ಹೊಸ ಹಾಸಿನ ಎಳೆಗಳನ್ನು ಅದಕ್ಕೇ ಗಂಟು ಹಾಕಿ ಮುಂದುವರಿಸುವುದು ಅವರ ಬೀದಿಯ ನೇಮ. ಎಲ್ಲವನ್ನೂ ಕತ್ತರಿಸಿ ಮಗ್ಗವನ್ನು ಬೋಳು ಮಾಡುವುದು ಮನೆಯಲ್ಲಿ ದೀಪ ಆರಿಸಿದಂತೆ. ಈ ಹುರಿಗೂ ಕತ್ತರಿ ಬೀಳಬಾರದು ಎನ್ನುತ್ತಿದ್ದರು ಅವರು.

"ಆಗ್ಲಿ ಕಣಣ್ಣ," ಎಂದುಬಿಟ್ಟಳು. ನೇಕಾರರ ಮನೆಯ ಹೆಣ್ಣುಮಗಳು, ಆ ಮಾತಿಗೆ ಬೇರೆ ಉತ್ತರ ಅವಳ ಬಾಯಲ್ಲಿ ಹುಟ್ಟುವುದೇ ಇಲ್ಲ. ಹುರಿಯನ್ನು ನಾಲ್ಕು ತುಂಡು ಮಾಡಿ ಲಕೋಟೆಗೆ ಹಾಕುವ ತನ್ನದೇ ಲೆಕ್ಕ ಆ ಹೊತ್ತಿಗೆ ಅವಳಿಗೆ ಮರೆತೇಹೋಗಿತ್ತು.

"ನಂಗೇನವ್ವ ಕೆಲ್ಸ?" ಚನ್ನಮಲ್ಲಮ್ಮನ ಕೈ ಆಗಲೇ ಪುಟ್ಟಮಲ್ಲಪ್ಪನ ಕಡ್ಡಿಯ ಹತ್ತಿರವಿತ್ತು.

"ನೀವು ಈ ತುದಿ ಹಿಡ್ಕೊಳ್ಳಿ ಅಕ್ಕ."

"ಹಿಡ್ಕಂಡು?"

"ಹಿಡ್ಕೊಂಡಿರಿ. ಎಳೀಬಾರ್ದು, ಬಿಡಬಾರ್ದು, ಬೇರೆಯೋರ ಕೆಲ್ಸಕ್ಕೆ ಕೈ ಹಾಕಬಾರ್ದು."

"ಇದೂ ಒಂದ್ ಕೆಲ್ಸವಾ?"

"ನಾಲ್ಕರಲ್ಲಿ ಇದೇ ಕಷ್ಟ."

ಅದು ಸುಳ್ಳಾಗಿರಲಿಲ್ಲ. ಮೊದಲ ಒಂದು ಗಂಟೆಯಲ್ಲಿ ಚನ್ನಮಲ್ಲಮ್ಮ ಹನ್ನೊಂದು ಸಲ ಏಳಲು ಹೋಗಿ, ತುದಿಯ ನೆನಪಾಗಿ ಹನ್ನೊಂದು ಸಲ ಕೂತಳು. ಹಣೆಯಲ್ಲಿ ಬೆವರೊಡೆಯಿತು, ವಿಭೂತಿ ಕರಗಿತು. "ರಾಗಿ ಬೀಸಿದ್ರೂ ಇಷ್ಟು ಆಯಾಸ ಆಯ್ತಿರಲಿಲ್ಲ," ಎಂದಳು. ಸಂಜೆಯ ಹೊತ್ತಿಗೆ ಮಾತ್ರ ಅವಳ ಮುಖದಲ್ಲಿ ಯಾರೂ ಕಂಡಿರದ ಒಂದು ಸಮಾಧಾನವಿತ್ತು. ಇಡೀ ದಿನದಲ್ಲಿ ಅವಳು ಯಾರ ಕೈಯಿಂದಲೂ ಏನನ್ನೂ ಕಿತ್ತುಕೊಂಡಿರಲಿಲ್ಲ.

ಬುಧವಾರ ಹುರಿ ಬಾಗಿಲು ದಾಟಿತು.

ಅಲ್ಲಿಂದ ಮುಂದಿನದನ್ನು ನಂಬುವವರು ನಂಬಲಿ, ನಂಬದವರು ರಸ್ತೆಗೆ ಹೋಗಿ ಮುಟ್ಟಿ ನೋಡಲಿ. ನಾಲ್ಕು ಗಂಟೆಗೆ ಪುಟ್ಟಮಲ್ಲಪ್ಪ ಊರಿಗೆ ಹೊರಡಬೇಕು. ಕೈ ನಡುಗುತ್ತಲೇ ಇತ್ತು, ಹುರಿ ಬೆಳೆಯುತ್ತಲೇ ಇತ್ತು, ಕತ್ತರಿಸುವಂತಿಲ್ಲ. ಅವರು ಬೆಳೆಯುವ ತುದಿಯನ್ನು ಹಿಡಿದುಕೊಂಡೇ ಬಸ್ಸು ಹತ್ತಿದರು.

"ಏನ್ ಯಜಮಾನ್ರೇ ಇದು, ಲಗೇಜಾ?" ಎಂದ ಕಂಡಕ್ಟರ್ ನಟರಾಜು.

"ಲಗೇಜಲ್ಲ ಕಣಪ್ಪ, ಇನ್ನೂ ಮುಗಿದಿಲ್ಲ. ಮುಗಿದ್ಮೇಲೆ ಯೋಳ್ತೀನಿ."

ಮುಗಿಯದ ವಸ್ತುವಿಗೆ ನಟರಾಜುವಿನ ಪಟ್ಟಿಯಲ್ಲಿ ಟಿಕೆಟಿರಲಿಲ್ಲ. ಬಸ್ಸು ಹೊರಟಿತು. ಕಿಟಕಿಯಿಂದ ಹುರಿ ಇಳಿಯುತ್ತ ಹೋಯಿತು. ರೇಷ್ಮೆ ಮುಗಿದಾಗ ಒಬ್ಬಳು ಸೆರಗಿನ ಕುಚ್ಚು ಕೊಟ್ಟಳು, ಒಬ್ಬ ಗೋಣಿಚೀಲದ ದಾರ ಬಿಚ್ಚಿದ. ಗಂಟು ಹಾಕಲು ಬಾರದವರು ಎಳೆ ಹಿಡಿದರು, ಎಳೆ ಹಿಡಿಯಲು ಬಾರದವರು ಬಾಯಲ್ಲಿ ಎಣಿಸಿದರು, ಎಣಿಸಲೂ ಬೇಸರವಾದವರು ಅದು ತಪ್ಪು ಇದು ತಪ್ಪು ಎಂದರು. ಬಸ್ಸೊಂದರಲ್ಲಿ ಇಷ್ಟು ಬಗೆಯ ಸಾಮರ್ಥ್ಯವಿರುತ್ತದೆಂದು ನಟರಾಜುವಿಗೆ ಅಂದೇ ತಿಳಿದದ್ದು. ಕುಂತೂರಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹುರಿ ದಾಟುವುದು ಹೇಗೆಂದು ತಿಳಿಯದೆ ಸಾಲಾಗಿ ನಿಂತು, ಕೊನೆಗೆ ಚಾಲಕರು ಅದನ್ನು ಕೋಲಿನಿಂದ ಎತ್ತಿ ಹಿಡಿದ ಮೇಲೆ ಒಂದೊಂದಾಗಿ ಕೆಳಗೆ ನುಸುಳಿದವು.

ಮೊದಲ ತುದಿ ಹಿಡಿದ ಚನ್ನಮಲ್ಲಮ್ಮನೂ ಮನೆಗೆ ಹೋಗಬೇಕಲ್ಲ. ಅವಳು ಯಳಂದೂರಿನ ಬಸ್ಸಿನಲ್ಲಿ ತುದಿ ಹಿಡಿದು ಕೂತಳು. ಮನೆಯಲ್ಲಿ ಒಂದು ಕೈ ತುದಿಗೆ ಮೀಸಲಾದ್ದರಿಂದ ಸೊಸೆ ಮೊದಲ ಬಾರಿಗೆ ತನ್ನ ಕೈಯಾರೆ ಸಾರು ಮಾಡಿದಳು. ಉಪ್ಪು ಜಾಸ್ತಿಯಾಗಿತ್ತು. ಎಲ್ಲರೂ ಎರಡನೇ ಸಲ ಬಡಿಸಿಕೊಂಡರು.

ಎರಡು ತುದಿ ಎರಡೂರಿಗೆ ಹೋದದ್ದಕ್ಕೆ ಮುನಿದವಳು ಇಂಚರ. "ನಂಗೆ?" ಎಂದಳು. ಅವಳಿಗೆ ನಡುವನ್ನು ಕೊಟ್ಟರು. ನಡುವಿನದೊಂದು ಮಡಿಕೆ ಗುರುವಾರ ಅವಳ ಜೊತೆ ಹನೂರಿಗೆ ಹೋಯಿತು. ಶಿವನಂಜಯ್ಯನ ಮನೆ ಪಕ್ಕದಲ್ಲೇ. ಅವರು ಹಾಲಿನ ಮೆಟ್ಟಿಲ ಮೇಲೆ ಕೂತು ಹುರಿಯ ಮೇಲೆ ಎರಡು ಬೆರಳಿಟ್ಟಿದ್ದರು.

"ಪುಟ್ಟಮಲ್ಲಪ್ಪ ಈಗ ಕಾಫಿ ಕುಡೀತಾವ್ರೆ," ಎಂದರು. "ನಡುಕ ಸ್ವಲ್ಪ ನಿಧಾನ ಆಯ್ತು. ಇಂಚರ ನಗ್ತಾವ್ಳೆ. ಯಳಂದೂರ್ ಯಮ್ಮ ಮಾತ್ರ ಅಲ್ಲಾಡ್ತಾ ಇಲ್ಲ ಕಣವ್ವ. ಗಟ್ಟಿಗಿತ್ತಿ."

ವಿಜಯಮ್ಮ ಪಕ್ಕದಲ್ಲಿ ಕೂತು ತಾನೂ ಬೆರಳಿಟ್ಟಳು. ದೂರದಿಂದ ಸಣ್ಣಗೆ ಟಿಣಿ ಟಿಣಿ ಟಿಣಿ ಬಂದು ಬೆರಳಿಗೆ ತಾಗಿತು. ಅವಳು ಸುಮ್ಮನೆ ಹೂಂ ಎಂದಳು. ಆಗಲೇ ಅವಳಿಗೆ ಶುಕ್ರವಾರದ ನೆನಪಾದದ್ದು, ನಾಲ್ಕು ಲಕೋಟೆಗಳ ನೆನಪಾದದ್ದು.

ಶುಕ್ರವಾರ ಬೆಳಿಗ್ಗೆ ಎಲ್ಲರೂ ತಮ್ಮ ತಮ್ಮ ಪಾಲು ಹಿಡಿದುಕೊಂಡೇ ಹಿಂದಿರುಗಿದರು. ಹೋಗುವಾಗ ಒಂದು ಸಾಲು, ಬರುವಾಗ ಒಂದು ಸಾಲು, ಹುರಿ ರಸ್ತೆಯ ಎರಡೂ ಬದಿ ಮಲಗಿತ್ತು. ಹನ್ನೊಂದಕ್ಕೆ ಭವ್ಯಶ್ರೀಯ ಜೀಪು ಬಂತು. ಅದರ ಹಿಂದೆ ಮುರಿದ ಕುರ್ಚಿ ತುಂಬಿದ ಲಾರಿ.

"ಯಳಂದೂರಿಂದ ಈ ಹಗ್ಗ ನೋಡ್ಕೊಂಡೇ ಬಂದೆ ಮೇಡಂ," ಎಂದಳು ಭವ್ಯಶ್ರೀ. "ಯಾವ ಇಲಾಖೆದು ಅಂತ ಕೇಳಿದ್ರೆ ಯಾರ್ಗೂ ಗೊತ್ತಿಲ್ಲ."

"ಇದೇ ಕಣಮ್ಮ ನಮ್ಮ ಮಾದರಿ."

ಭವ್ಯಶ್ರೀ ಬಾಗಿಲಿಂದ ಹೊರಗೆ, ರಸ್ತೆಯ ತಿರುವಿನವರೆಗೆ ನೋಡಿದಳು. ಆಮೇಲೆ ಕೈಯಲ್ಲಿದ್ದ ಲಕೋಟೆ ನೋಡಿದಳು. "ಇದ್ರೊಳಗೆ ಹಿಡಿಯಲ್ಲ."

"ಹಿಡಿಯಲ್ಲ."

"ನಾಲ್ಕು ತುಂಡು ಮಾಡಿ. ಗೇಣುದ್ದ ಸಾಕು." ಅವಳು ಬ್ಯಾಗಿನಿಂದ ಕತ್ತರಿ ತೆಗೆದಳು. ಅದರ ಸದ್ದಿಗೆ ಶಿವನಂಜಯ್ಯ ತಲೆ ಎತ್ತಿದರು. ಅವರ ಬೆರಳುಗಳು ಹುರಿಯ ಗಂಟೊಂದನ್ನು ಮುಚ್ಚಿ ಹಿಡಿದವು.

"ಅದೊಂದು ಆಗಲ್ಲಮ್ಮ. ಮಾತು ಕೊಟ್ಟಿದ್ದೀನಿ."

ಭವ್ಯಶ್ರೀ ಕತ್ತರಿಯನ್ನು ಒಳಗಿಟ್ಟಳು. ಹೊರಗೆ ಲಾರಿಯವನು ಹಾರ್ನ್ ಮಾಡಿದ. ಅವಳು ವಿಜಯಮ್ಮನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದಳು. "ನಂಗೂ ಈ ಹಾಲು ಹೋಗೋದು ಇಷ್ಟ ಇಲ್ಲ ಮೇಡಂ. ಒಂದ್ ಕೆಲ್ಸ ಮಾಡಿ. ಫೋನಲ್ಲಿ ಹೇಳಿದ್ರಲ್ಲ, ಆ ಚನ್ನಮಲ್ಲಮ್ಮನೋರ ಕೈಲಿ ನಾಲ್ಕು ಕಾಗದದ ಹೂವು ಮಾಡಿಸಿ. ನಾಲ್ಕು ಹೆಸರು ನಾನು ಬರ್ಕೋತೀನಿ. ಹತ್ತು ನಿಮಿಷದ ಕೆಲ್ಸ, ನಾನು ಕಣ್ಣು ಮುಚ್ಕೊಂಡಿರ್ತೀನಿ."

ಹತ್ತು ನಿಮಿಷವೂ ಬೇಡ, ನಾಲ್ಕೇ ಸಾಕು ಎಂದು ವಿಜಯಮ್ಮನಿಗೆ ಗೊತ್ತಿತ್ತು. ನಾಲ್ಕು ನಿಮಿಷಕ್ಕೆ ಹಾಲು ಉಳಿಯುತ್ತದೆ, ಸೋಮವಾರ ಮತ್ತೆ ಎಲ್ಲರೂ ಬರುತ್ತಾರೆ. ಇಲ್ಲವಾದರೆ ಪುಟ್ಟಮಲ್ಲಪ್ಪ ಜಗುಲಿಗೆ, ಇಂಚರ ಕಿಟಕಿಗೆ, ಶಿವನಂಜಯ್ಯ ಗೋಡೆಗೆ. ಅವಳು ಮಾದಪ್ಪನ ಪಟದ ಕಡೆ ಒಂದು ಸಲ ನೋಡಿದಳು. ಹುಲಿ ಮಾತ್ರ ಇವಳನ್ನೇ ನೋಡುತ್ತಿತ್ತು.

ಬಣ್ಣದ ಕಾಗದದ ಕಟ್ಟು ಹಿಡಿದು ಅವಳು ಚನ್ನಮಲ್ಲಮ್ಮನ ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಪುಟ್ಟಮಲ್ಲಪ್ಪ ಲೋಟ ಕೆಳಗಿಟ್ಟರು. ಇಂಚರ ಮೂರು ಎಳೆ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಇಬ್ಬರನ್ನೂ ನೋಡುತ್ತಿದ್ದಳು.

"ಅಕ್ಕ," ಎಂದಳು ವಿಜಯಮ್ಮ. "ನಾಲ್ಕೇ ನಾಲ್ಕು ಹೂವು. ನೀವೇ ಮಾಡ್ಬುಡಿ. ಎಲ್ಲರದ್ದೂ ನೀವೇ ಮಾಡ್ಬುಡಿ."

ಚನ್ನಮಲ್ಲಮ್ಮ ಕಾಗದ ನೋಡಿದಳು. ಅವಳ ಎಡಗೈ ಹಳೆಯ ರೂಢಿಯಂತೆ ಒಂದಿಷ್ಟು ಮುಂದೆ ಬಂತು. ಬೆರಳುಗಳು ಮಡಿಕೆಯ ಜಾಗವನ್ನು ಗಾಳಿಯಲ್ಲೇ ಹುಡುಕಿದವು. ಆಮೇಲೆ ಆ ಕೈ ಹಿಂದಕ್ಕೆ ಹೋಗಿ ಬಲಗೈಯ ಜೊತೆಗೂಡಿ, ಹುರಿಯ ತುದಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿಯಿತು.

"ಮಾಡಕಿಲ್ಲ ಕಣವ್ವ," ಎಂದಳು. "ನಂಗೆ ಕೆಲ್ಸ ಅದೆ."